ಕರೆಂಟಾ, ಪೆಟ್ರೋಲಾ?

ಹಳೇ ಕಾರು ರಸ್ತೇಲಿ ನಿಂತರೆ ಸುತ್ತ ಸೇರುವವರೆಲ್ಲ ಡಾಕ್ಟರುಗಳೇ. "ಕಾರ್ಬೊರೇಟರ್ ಕ್ಲೀನ್ ಮಾಡ್ಸಿ ಸರ್" ಅಂತ ಒಬ್ಬ, "ಎಥೆನಾಲ್ ಪೆಟ್ರೋಲ್ ಸರ್, ಇನ್ನು ಇಂಥ ಗಾಡಿ ಓಡಲ್ಲ" ಅಂತ ಇನ್ನೊಬ್ಬ. ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತೆ. ನನ್ನ ತಕರಾರು ಈ ತೀರ್ಪಿನ ಮೇಲೆ.

ನನ್ನ ಪ್ರೀಮಿಯರ್ ಪದ್ಮಿನಿ ಬೆಳಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್. ಅರ್ಧ ಗಂಟೆ ಓಡಿದ ಮೇಲೆ, ನೆಲಮಂಗಲದ ಆಸುಪಾಸಲ್ಲಿ, ಜಗ್ಗಿ ಜಗ್ಗಿ ನಿಲ್ಲೋದು. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಗ್ಯಾರೇಜಿನವರು ವೇಪರ್ ಲಾಕ್ ಅಂದರು. ಅಂದರೆ ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗುತ್ತೆ, ಪಂಪಿಗೆ ಎಳೆಯೋಕಾಗಲ್ಲ. ಪಂಪ್ ಬದಲಾಯಿಸಿದರು. ಆಮೇಲೆ ಕಾರ್ಬೊರೇಟರ್. ಹನ್ನೊಂದು ಸಾವಿರ ಹೋದ ಮೇಲೂ ಗಾಡಿ ಅದೇ ನೆಲಮಂಗಲದಲ್ಲಿ ನಿಂತಿತು.

ವೇಪರ್ ಲಾಕ್ ಸುಳ್ಳಲ್ಲ. ಎಥೆನಾಲ್ ಹಳೇ ರಬ್ಬರ್ ಪೈಪುಗಳನ್ನು ಹಾಳುಮಾಡೋದೂ ಸುಳ್ಳಲ್ಲ. ಆದರೆ ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವ ಇನ್ನೊಂದು ಕಾಯಿಲೆಯೂ ಇದೆ, ಕಂಡೆನ್ಸರಿನದು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ತೆರೆದ ಕ್ಷಣ ಕಾಯಿಲಿನ ಕರೆಂಟ್ ಥಟ್ಟನೆ ಕಡಿಯಬೇಕು. ಆಗಲೇ 12 ವೋಲ್ಟ್ ಬ್ಯಾಟರಿಯಿಂದ ಪ್ಲಗ್ಗಿಗೆ ಸಾವಿರಾರು ವೋಲ್ಟ್ ಸಿಗೋದು. ಪಾಯಿಂಟಿನ ಮಧ್ಯೆ ಕಿಡಿ ಹಾರದಂತೆ ತಡೆಯೋದು ಕಂಡೆನ್ಸರ್. ಬಿಸಿಗೆ ಅದು ಕೈಕೊಟ್ಟರೆ ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟನ್ನೇ ಸುಡುತ್ತೆ.

ಹೊರಗಿನಿಂದ ನೋಡಿದರೆ ಎರಡೂ ಒಂದೇ. ವ್ಯತ್ಯಾಸ ಗೊತ್ತಾಗೋದು ಗಾಡಿ ನಿಂತಿರುವಾಗ ಮಾತ್ರ. ಟೋ ಮಾಡಿ ಗ್ಯಾರೇಜಿಗೆ ಸೇರಿಸುವಷ್ಟರಲ್ಲಿ ಎಂಜಿನ್ ತಣ್ಣಗಾಗಿ ಸಾಕ್ಷಿಯೇ ಮಾಯ.

ದಾಬಸ್‌ಪೇಟೆ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಅಂದಿದ್ದು ಇಷ್ಟೇ: "ನಿಂತಾಗ ಕರೀರಿ ಸರ್. ತಣ್ಣಗಾದ್ಮೇಲೆ ಬಂದು ನಾನೇನ್ ನೋಡ್ಲಿ?" ಮುಂದಿನ ಸಲ ನಿಂತಾಗ ಬೈಕಲ್ಲಿ ಬಂದರು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ವೈರ್ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಎಂಜಿನ್ ಬ್ಲಾಕಿನಿಂದ ಅರ್ಧ ಸೆಂಟಿಮೀಟರ್ ದೂರ ಹಿಡಿದು, "ಸೆಲ್ಫ್ ಹೊಡೀರಿ" ಅಂದರು. ಚಟಚಟ ಅನ್ನುವ ನೀಲಿ ಕಿಡಿ ಬರಬೇಕಿತ್ತು. ಬಂದಿದ್ದು ಜೀವವಿಲ್ಲದ ಹಳದಿ ಕಿಡಿ. ಆಮೇಲೆ ಕಾಯಿಲ್ ಕನೆಕ್ಷನ್ ತೆಗೆದಿಟ್ಟು, ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಬಿಟ್ಟು ನೋಡಿದರು. ಪೆಟ್ರೋಲ್ ಪಿಚಕಾರಿ ಥರ ಬಂತು. ಕ್ಯಾಪ್ ತೆಗೆದರೆ ಪಾಯಿಂಟ್ ಸುಟ್ಟು ಕಪ್ಪಾಗಿತ್ತು. ಕಂಡೆನ್ಸರ್ ಬದಲಾಯಿಸಿ, ಪಾಯಿಂಟ್ ಉಜ್ಜಿ, ಗ್ಯಾಪ್ ಸೆಟ್ ಮಾಡಿದರು. ಗಾಡಿ ಇವತ್ತಿಗೂ ನಿಂತಿಲ್ಲ.

ಗ್ಯಾರೇಜಿನವರನ್ನು ಬೈದು ಮುಗಿಸಬಹುದಿತ್ತು. ಆದರೆ ಅವತ್ತು ನಾನು ಮಾಡಿದ್ದು ಕೇಳಿ. ಅವರು ಎಂಟುನೂರು ಅಂದಾಗ ನನ್ನ ಬಾಯಿಂದ ಬಂದಿದ್ದು, "ಇನ್ನೂರು ರೂಪಾಯಿ ಕಂಡೆನ್ಸರಿಗೆ ಎಂಟುನೂರಾ?" ಹನ್ನೊಂದು ಸಾವಿರದ ಬಿಲ್ಲಿಗೆ ತುಟಿ ಬಿಚ್ಚದವನು ನಾನು. ಅಲ್ಲಿ ಕೈಗೆ ಡಬ್ಬಿ ಸಿಕ್ಕಿತ್ತು, ಇಲ್ಲಿ ಸಿಕ್ಕಿದ್ದು ಉತ್ತರ ಮಾತ್ರ.

ಆಫೀಸಲ್ಲಿ ಸರ್ವರ್ ಬಿದ್ದರೆ ಲಾಗ್ ನೋಡದೆ ಮೆಷೀನ್ ಬದಲಾಯಿಸಿದವನನ್ನು ಮೀಟಿಂಗಲ್ಲಿ ಸುಮ್ಮನೆ ಬಿಡ್ತೀವಾ? ಕಾರಣ ಹುಡುಕಿದ್ದಕ್ಕೇ ನಮಗೆ ಸಂಬಳ. ಅದೇ ಕೆಲಸವನ್ನು ಗ್ರೀಸ್ ಮೆತ್ತಿದ ಕೈ ಮಾಡಿದರೆ ಚೌಕಾಸಿ. ಪಾರ್ಟ್ಸಿಗೆ ಮಾತ್ರ ಕಾಸು ಬಿಚ್ಚುವ ಗಿರಾಕಿಗೆ ಗ್ಯಾರೇಜ್ ಪಾರ್ಟ್ಸ್ ಮಾರದೆ ಇನ್ನೇನು ಮಾಡುತ್ತೆ? ಯೋಚಿಸುವ ಮೆಕ್ಯಾನಿಕ್‌ಗಳು ಕಡಿಮೆಯಾಗಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ.

ಮುಂದಿನ ಸಲ ಗಾಡಿ ನಿಂತರೆ ಏನು ಬದಲಾಯಿಸಬೇಕು ಅಂತ ಕೇಳಬೇಡಿ. ಕರೆಂಟಾ, ಪೆಟ್ರೋಲಾ ಅಂತ ಕೇಳಿ. ಅದನ್ನು ಅಲ್ಲೇ ನಿಂತು ಪತ್ತೆ ಮಾಡಿದವರಿಗೆ, ಒಂದು ಸ್ಕ್ರೂ ಬದಲಾಗದಿದ್ದರೂ, ಕೇಳಿದಷ್ಟು ಕೊಡಿ. ನಾನು ಅವತ್ತು ಕೊಟ್ಟಿದ್ದು ಆರುನೂರು. ಉಳಿದ ಇನ್ನೂರನ್ನು ಮುಂದಿನ ವಾರ ಹೋಗಿ ಕೊಟ್ಟು ಬಂದೆ.