ಪ್ರತಿವಿಷವು ಎಲ್ಲಿರಬೇಕು?

1995ನೆಯ ಇಸವಿ ಮಾರ್ಚಿ 20ರ ಬೆಳಗ್ಗೆ ಓಂ ಶಿನ್ರಿಕ್ಯೋ ಎಂಬ ಪಂಗಡದವರು ಟೋಕಿಯೋ ನಗರದ ಸುರಂಗರೈಲುಗಳಲ್ಲಿ ಸರೀನ್ ಎಂಬ ನರವಿಷವನ್ನು ಹರಡಿದರು. ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಅಂದು 640 ಮಂದಿ ಬಂದರು. ವಿಷದ ಹೆಸರನ್ನು ಪೋಲೀಸಿನವರು ಪ್ರಕಟಿಸುವಷ್ಟರಲ್ಲಿ ಸುಮಾರು ಮೂರು ಗಂಟೆ ಕಳೆದಿತ್ತು. ಹಿಂದಿನ ವರುಷ ಮಾತ್ಸುಮೋಟೋದಲ್ಲಿ ಇದೇ ವಿಷದ ಪೀಡಿತರನ್ನು ಕಂಡಿದ್ದ ಶಿನ್ಶು ವಿಶ್ವವಿದ್ಯಾನಿಲಯದ ವೈದ್ಯರು ದೂರವಾಣಿಯಲ್ಲಿ ಎಚ್ಚರಿಸಿದುದು ದೊಡ್ಡ ಉಪಕಾರವಾಯಿತು.

ಈ ವಿಷದ ಕೆಲಸವೇನು? ನರಗಳ ಅಪ್ಪಣೆಯನ್ನು ಅಂಗಗಳಿಗೆ ಮುಟ್ಟಿಸುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು, ಕೆಲಸ ತೀರಿದೊಡನೆ ಒಡೆದುಹಾಕುವ ಕಿಣ್ವವೊಂದುಂಟು. ವಿಷವು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಕಣ್ಣುಪಾಪೆಯು ಕುಗ್ಗುತ್ತದೆ, ಜೊಲ್ಲು ಸುರಿಯುತ್ತದೆ, ಎದೆಯಲ್ಲಿ ನೀರು ತುಂಬಿ ಉಸಿರು ನಿಲ್ಲುತ್ತದೆ. ಎದೆಯ ದ್ರವವು ಒಣಗಿ ಉಸಿರು ಸರಾಗವಾಗುವ ವರೆಗೆ ಅಟ್ರೋಪಿನನ್ನು ಮತ್ತೆ ಮತ್ತೆ ಚುಚ್ಚಬೇಕು. ಪ್ರಾಲಿಡಾಕ್ಸಿಮ್ ಎಂಬ ಮದ್ದು ಕಿಣ್ವವನ್ನು ಬಿಡಿಸುತ್ತದೆ. ಆದರೆ ಸರೀನಿನ ಕಟ್ಟು ಕೆಲವು ಗಂಟೆಗಳಲ್ಲಿ, ಸೋಮನ್ ವಿಷದ್ದಾದರೋ ಕೆಲವೇ ನಿಮಿಷಗಳಲ್ಲಿ ಬಿಡಿಸಲಾಗದಂತೆ ಬಿಗಿಯುತ್ತದೆ. ಸೆಳವಿಗೆ ಡಯಜಿಪಾಮ್ ಬೇಕು. ಪೀಡಿತನ ಬಟ್ಟೆಯನ್ನು ಕಳಚಿ ಮೈತೊಳೆಯುವುದೂ ಚಿಕಿತ್ಸೆಯೇ. ಟೋಕಿಯೋದಲ್ಲಿ ಇದು ತಪ್ಪಿದ್ದರಿಂದ ಶುಶ್ರೂಷೆ ಮಾಡಿದವರೂ ಬಾಧೆಪಟ್ಟರು.

ಇದು ಪರದೇಶದ ಸಂಗತಿಯೆಂದು ಓದುಗರು ಉಪೇಕ್ಷಿಸಬಾರದು. ಈ ವಿಷಗಳ ಪೈಕಿ ಮೊದಲನೆಯದಾದ ಟಾಬುನ್, 1936ರಲ್ಲಿ ಜರ್ಮನಿಯಲ್ಲಿ ಕೀಟನಾಶಕಗಳನ್ನು ಹುಡುಕುತ್ತಿದ್ದಾಗ ದೊರೆತದ್ದು. ಅದರ ದಾಯಾದಿಗಳು ಇಂದಿಗೂ ನಮ್ಮ ರೈತರ ಕೊಟ್ಟಿಗೆಗಳಲ್ಲಿವೆ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಿಯ ಪ್ರಸಾದಕ್ಕೆ ಬೆರೆತದ್ದು ಮಾನೋಕ್ರೋಟೋಫಾಸ್ ಎಂಬ ಅದೇ ಕುಲದ ಕೀಟನಾಶಕ. ಹದಿನೇಳು ಮಂದಿ ಮಡಿದರು. ನೂರಕ್ಕೂ ಹೆಚ್ಚು ಜನರು ಅಸ್ವಸ್ಥರಾದರು; ಅನೇಕರನ್ನು ದೂರದ ಮೈಸೂರಿಗೆ ಸಾಗಿಸಬೇಕಾಯಿತು.

ಆದುದರಿಂದ ನಾವು ಸರ್ಕಾರದವರನ್ನು ಕೇಳುವುದು ದುಬಾರಿಯ ಸಲಕರಣೆಯನ್ನಲ್ಲ. ಅಟ್ರೋಪಿನ್ ಅಗ್ಗದ ಮದ್ದು. ಅದು ನಾಲ್ಕಾರು ರೋಗಿಗಳಿಗಲ್ಲ, ಒಂದು ಊರಿಗೇ ಸಾಲುವಷ್ಟು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿರಬೇಕು. ಉಸಿರಾಟದ ಯಂತ್ರವೂ ಮೈತೊಳೆಯುವ ಏರ್ಪಾಡೂ ಇರಬೇಕು. ವಿಷದ ಹೆಸರು ಪ್ರಯೋಗಶಾಲೆಯಿಂದ ಬರಲೆಂದು ಕಾಯದೆ, ಲಕ್ಷಣವನ್ನು ನೋಡಿಯೇ ಚಿಕಿತ್ಸೆಗೆ ತೊಡಗುವ ಶಿಕ್ಷಣವು ಸಿಬ್ಬಂದಿಗೆ ದೊರೆಯಬೇಕು. ರೈತನಿಗಾಗಿ ಇಟ್ಟ ಮದ್ದೇ ಮಹಾವಿಪತ್ತಿನ ದಿನ ಊರನ್ನೂ ಕಾಯುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಯಾರೂ ಬದುಕಲಾರರು.