ಹಿರಿಯರ ಚಿಕಿತ್ಸೆಗೆ ಕಾರ್ಡೊಂದೇ ಸಾಕೆ?

ಎಪ್ಪತ್ತು ವರ್ಷ ತುಂಬಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ, ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುವಂತೆ ಆಯುಷ್ಮಾನ್ ಭಾರತ್ ಯೋಜನೆಯನ್ನು ಕೇಂದ್ರ ಸರಕಾರವು 2024ರ ಅಕ್ಟೋಬರ್ 29ರಂದು ವಿಸ್ತರಿಸಿತು. ನಮ್ಮ ರಾಜ್ಯದಲ್ಲಿ 2018ರಿಂದಲೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಗಳಿಗೆ ಇಷ್ಟೇ ಮೊತ್ತದ ನೆರವು ನೀಡುತ್ತಿದೆ. ಇವೆಲ್ಲ ಸ್ವಾಗತಾರ್ಹವೇ. ಆದರೆ ಕಾರ್ಡು ಕೈಗೆ ಬಂದೊಡನೆ ಮಕ್ಕಳ ಹೊಣೆ ತೀರಿತೆಂದು ಭಾವಿಸಬಹುದೆ?

ಆಕಸ್ಮಿಕವಾದುದು ಬೇರೆ, ನಿತ್ಯವಾದುದು ಬೇರೆ. ವಿಮೆಯೆಂಬುದು ಮೂಲತಃ ಆಕಸ್ಮಿಕಕ್ಕೆ ಸಂಬಂಧಿಸಿದ ಏರ್ಪಾಡು; ವೃದ್ಧಾಪ್ಯದ ಕಾಯಿಲೆಗಳಾದರೋ ನಿತ್ಯದವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಮೂರೂ ಇರುವ ತಾಯಿಗೆ ಆಸ್ಪತ್ರೆಯ ಹಾಸಿಗೆ ಎಂದೋ ಒಮ್ಮೆ ಬೇಕಾದೀತು. ಮಾತ್ರೆಗಳು ದಿನವೂ ಬೇಕು. ಆಯುಷ್ಮಾನ್ ಯೋಜನೆಯು ದಾಖಲಾದಾಗಿನ ವೆಚ್ಚವನ್ನೂ ಬಿಡುಗಡೆಯ ನಂತರದ 15 ದಿನಗಳ ಔಷಧವನ್ನೂ ಭರಿಸುತ್ತದೆ. ಹದಿನಾರನೆಯ ದಿನ ಏನು?

ಆದುದರಿಂದ ಮೊದಲು ಹಿರಿಯರ ಕಾಯಿಲೆಗಳನ್ನೂ ಮಾತ್ರೆಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕು. ಯಾವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ಯಾವುದು ಜನೌಷಧಿ ಅಂಗಡಿಯಲ್ಲಿ ಅಗ್ಗ, ಯಾವುದು ಹೊರಗೇ ಕೊಳ್ಳಬೇಕಾದುದು ಎಂದು ವೈದ್ಯರೊಡನೆ ವಿಚಾರಿಸಬೇಕು. 2024ರಲ್ಲಿ ಕೋಲಾರದಲ್ಲಿ ಮೊದಲಾದ ಗೃಹ ಆರೋಗ್ಯ ಯೋಜನೆಯು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಔಷಧವನ್ನು ಮನೆಬಾಗಿಲಿಗೆ ತಲುಪಿಸುವ ಉದ್ದೇಶ ಹೊಂದಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿರಿ.

ಎರಡನೆಯದು, ದಾರಿ. ರಾಜ್ಯ ಯೋಜನೆಯಡಿ ತುರ್ತುಸ್ಥಿತಿಯ ಹೊರತು ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ದಢೇಸುಗೂರಿನವರು ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ರಾಯಚೂರಿನ ರಿಮ್ಸ್‌ನಲ್ಲಾಗಲಿ ಮೊದಲೇ ವಿಚಾರಿಸಿ ಹೊರಟರೆ ಅಲೆದಾಟ ತಪ್ಪುತ್ತದೆ.

ಖಾಸಗಿ ಪಾಲಿಸಿ ಕೊಳ್ಳುವವರು ಗಮನಿಸಬೇಕಾದುದೂ ಉಂಟು. 2024ರ ನಿಯಮಗಳಂತೆ 65 ವರ್ಷ ದಾಟಿದವರಿಗೂ ಪಾಲಿಸಿಯ ಬಾಗಿಲು ತೆರೆದಿದೆ. ಆದರೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷಗಳವರೆಗೆ ಕಾಯಬೇಕಾಗಬಹುದು. ಕಾಯಿಲೆಯನ್ನು ಮರೆಮಾಚಿ ಅರ್ಜಿ ತುಂಬಿದರೆ, ಹಣ ಬೇಕಾದ ಗಳಿಗೆಯಲ್ಲೇ ಕ್ಲೇಮು ತಿರಸ್ಕೃತವಾದೀತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿ.ಎಸ್.ಟಿ. ಇಲ್ಲವೆಂಬುದು ಸಣ್ಣ ಸಮಾಧಾನ. ಹಾಗೆ ಉಳಿದ ಹಣವನ್ನು ಮಾತ್ರೆಗಳಿಗೆಂದೇ ತೆಗೆದಿಡುವುದು ಜಾಣತನ.

ಹೆತ್ತವರನ್ನು ಗೌರವಿಸಬೇಕೆಂಬ ಕಟ್ಟಳೆಯನ್ನು ನಾವೆಲ್ಲ ಬಾಲ್ಯದಲ್ಲೇ ಬಾಯಿಪಾಠ ಮಾಡಿದವರು. ಸರಕಾರ ಹಾಸಿಗೆಯ ಖರ್ಚನ್ನು ಕೊಡಬಲ್ಲುದು. ರಾತ್ರಿಯ ಮಾತ್ರೆ ನುಂಗಿದರೋ ಇಲ್ಲವೋ ಎಂದು ಕೇಳುವ ಕೆಲಸ ಮನೆಯವರದೇ.