ಹೆಣ್ಣು ಭ್ರೂಣಕ್ಕೆ ಮತವಿಲ್ಲ, ಅದಕ್ಕೇ ಈ ಮೌನವೇ?

2022ರ ಜೂನ್ 24ರಂದು ಅಮೆರಿಕದ ಸುಪ್ರೀಮ್ ಕೋರ್ಟು ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಗೊಳಿಸಿತು. ಅದೇ ನವೆಂಬರಿನ ಮಧ್ಯಾವಧಿ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಅಲೆ ಏಳುವುದೆಂದು ಭವಿಷ್ಯ ನುಡಿದವರ ಲೆಕ್ಕ ತಪ್ಪಿತು. ಸೆನೆಟ್ ಡೆಮಾಕ್ರಟರ ಕೈಯಲ್ಲೇ ಉಳಿಯಿತು. ಕೆಳಮನೆಯಲ್ಲಿ ರಿಪಬ್ಲಿಕನ್ನರಿಗೆ ದಕ್ಕಿದ್ದು 435ರಲ್ಲಿ ಬರೀ 222 ಸ್ಥಾನ. ಆ ತೀರ್ಪಿನ ಕುರಿತು ನಮ್ಮ ನಿಲುವು ಏನೇ ಇರಲಿ, ಅಲ್ಲಿನ ಮತದಾರರು ಗರ್ಭದ ಪ್ರಶ್ನೆಯನ್ನು ಮತಗಟ್ಟೆಯವರೆಗೆ ಕೊಂಡೊಯ್ದರು ಎಂಬುದನ್ನು ಒಪ್ಪಲೇಬೇಕು.

ನಾವೇನು ಮಾಡಿದೆವು? ಅದೇ ಜೂನ್ ತಿಂಗಳಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಪತ್ತೆಯಾದವು. ಲಿಂಗ ಪತ್ತೆ ನಡೆಸಿ ಹತ್ಯೆಗೈದ ಶಂಕೆ ವ್ಯಕ್ತವಾಯಿತು. ವರ್ಷ ತುಂಬುವ ಮೊದಲೇ, 2023ರ ಮೇ 10ರಂದು ವಿಧಾನಸಭಾ ಚುನಾವಣೆ ಬಂತು. ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನು ಬಿಜೆಪಿಯಿಂದ ಕಾಂಗ್ರೆಸ್ ಕಸಿದುಕೊಂಡಿತು, ಬೈಲಹೊಂಗಲವನ್ನು ಉಳಿಸಿಕೊಂಡಿತು. ಗ್ಯಾರಂಟಿ, ಬೆಲೆಯೇರಿಕೆ, ಕಮಿಷನ್, 2ಬಿ ಮೀಸಲಾತಿ ಎಲ್ಲವೂ ಚರ್ಚೆಯಾದವು. ಆ ಏಳು ಭ್ರೂಣಗಳು ಮಾತ್ರ ಚುನಾವಣೆಯ ವಿಷಯವಾಗಲಿಲ್ಲ.

ಮರುವರ್ಷ, 2024ರ ಜೂನ್‌ನಲ್ಲಿ, ಶಿಶು ಮಾರಾಟದ ತನಿಖೆಯ ಬೆನ್ನಲ್ಲೇ ಕಿತ್ತೂರು ಬಳಿಯ ತಿಗಡೊಳ್ಳಿಯ ತೋಟದ ಮನೆಯೊಂದರಲ್ಲಿ ಹೂತಿಟ್ಟ ಭ್ರೂಣಗಳ ಅವಶೇಷಗಳು ಹೊರಬಂದವು. ರಾಣಿ ಚೆನ್ನಮ್ಮನ ವಿಜಯಕ್ಕೆ ಇನ್ನೂರು ತುಂಬಿದ ವರ್ಷವದು! ಆರೋಪಿಯ ಹೆಸರು ನೋಡಿ ಮೌನ ವಹಿಸುವುದೂ ಅನ್ಯಾಯ, ಹೆಸರು ನೋಡಿ ಅಬ್ಬರಿಸುವುದೂ ಅನ್ಯಾಯ. ತಪ್ಪು ಸಾಬೀತಾದರೆ ಶಿಕ್ಷೆಯಾಗಲಿ; ಅಂತಹವರ ಬಾಗಿಲು ತಟ್ಟುವ ಸಮಾಜ ಯಾವುದೆಂಬ ಪ್ರಶ್ನೆಯೂ ಏಳಲಿ.

2011ರ ಜನಗಣತಿಯಂತೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 948 ಹೆಣ್ಣುಮಕ್ಕಳು, ಬೆಳಗಾವಿಯಲ್ಲಿ 934. ಲಿಂಗ ಪತ್ತೆ ನಿಷೇಧಿಸುವ ಕಾನೂನು 1994ರಿಂದಲೇ ಇದೆ. ಕಾನೂನಿಗೆ ಕೊರತೆಯಿಲ್ಲ, ಕೇಳುವವರಿಗೆ ಕೊರತೆಯಿದೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ತಾಯಿಯ ಜೀವಕ್ಕೆ ಅಪಾಯವಿದ್ದಾಗ ನಡೆಯುವ ಚಿಕಿತ್ಸೆಯೂ ಹೆಣ್ಣೆಂಬ ಒಂದೇ ಕಾರಣಕ್ಕೆ ನಡೆಯುವ ಹತ್ಯೆಯೂ ಒಂದೇ ಅಲ್ಲ. ಮೊದಲನೆಯದಕ್ಕೆ ಕಾನೂನಿನಲ್ಲೂ ನಮ್ಮ ಧರ್ಮವಿದ್ವಾಂಸರ ಅಭಿಪ್ರಾಯದಲ್ಲೂ ಅವಕಾಶವಿದೆ. ಎರಡನೆಯದು ಅಜ್ಞಾನ ಕಾಲದ ಅರಬರು ಹೆಣ್ಣುಶಿಶುವನ್ನು ಜೀವಂತ ಹೂಳುತ್ತಿದ್ದ ಕ್ರೌರ್ಯದ ಹೊಸ ರೂಪ. ಯಾವ ಪಾಪಕ್ಕಾಗಿ ಕೊಲ್ಲಲ್ಪಟ್ಟೆ ಎಂದು ಆ ಶಿಶುವನ್ನೇ ವಿಚಾರಿಸಲಾಗುವ ದಿನದ ಬಗ್ಗೆ ಪವಿತ್ರ ಕುರ್‌ಆನ್ ಎಚ್ಚರಿಸಿದೆ. ಆ ಎಚ್ಚರಿಕೆಯನ್ನು ಪಠಿಸುವ ನಾಲಗೆಯೇ ನಿಕಾಹ್ ಮಾತುಕತೆಯಲ್ಲಿ ಚಿನ್ನ, ಬೈಕು, ನಗದು ಕೇಳುವುದಾದರೆ, ಮಗಳು ಹೊರೆಯೆಂಬ ಭಾವವನ್ನು ಬಿತ್ತಿದವರು ಯಾರು? ಮಹ್ರ್ ಕೊಡಬೇಕಾದವನು ವರದಕ್ಷಿಣೆಗೆ ಕೈಚಾಚಿದರೆ ಜಮಾಅತ್ ಸುಮ್ಮನಿರುವುದು ಯಾವ ನ್ಯಾಯ?

ಆದ್ದರಿಂದ ಸುಧಾರಣೆ ಎರಡೂ ಕಡೆಯಿಂದ ಆರಂಭವಾಗಲಿ. ವರದಕ್ಷಿಣೆಯ ಮದುವೆಗೆ ಜಮಾಅತ್‌ಗಳು ಸಹಕಾರ ನಿರಾಕರಿಸಲಿ. ಜುಮಾ ಖುತ್ಬಾದಲ್ಲಿ ಈ ವಿಷಯ ಮೊಳಗಲಿ. ಮತ ಕೇಳಲು ಬರುವ ಯಾವುದೇ ಪಕ್ಷದ ಅಭ್ಯರ್ಥಿಯನ್ನು ಬೈಲಹೊಂಗಲದಿಂದ ರಾಮದುರ್ಗದವರೆಗೆ ಪ್ರತಿ ಮೊಹಲ್ಲಾದ ಹೆಣ್ಣುಮಕ್ಕಳೇ ಕೇಳಲಿ: ನಿಮ್ಮ ಕ್ಷೇತ್ರದ ಸ್ಕ್ಯಾನಿಂಗ್ ಕೇಂದ್ರಗಳ ತಪಾಸಣೆ ಕೊನೆಯದಾಗಿ ನಡೆದದ್ದು ಯಾವಾಗ? ಎಷ್ಟು ಮೊಕದ್ದಮೆಗಳು ಶಿಕ್ಷೆಯಲ್ಲಿ ಕೊನೆಗೊಂಡಿವೆ?

ಹುಟ್ಟದ ಮಗಳಿಗೆ ಮತವಿಲ್ಲ, ನಿಜ. ಅವಳ ತಾಯಿಗೆ ಇದೆ.